ತಲೆಯ ಹಿಂದೆ ಹಿಡಿಯುವ ಕನ್ನಡಿ

ಕ್ಷೌರ ಮುಗಿದ ಮೇಲೆ ಅಂಗಡಿಯವನು ಒಂದು ಪುಟ್ಟ ಕನ್ನಡಿಯನ್ನು ನಮ್ಮ ತಲೆಯ ಹಿಂದೆ ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ನಮಗೆಂದೂ ಕಾಣದ ನಮ್ಮದೇ ಹಿಂಭಾಗದ ದರ್ಶನ ಮಾಡಿಸುತ್ತಾನಲ್ಲ, ಅದನ್ನು ನೀವೂ ಗಮನಿಸಿರಬೇಕು. ಆಗ ನಾವು ಬಲು ಪರಿಣತರಂತೆ ಕಣ್ಣು ಕಿರಿದುಗೊಳಿಸಿ, ತಲೆಯಾಡಿಸಿ, ‘ಚಂದಾಗೈತಿ’ ಎನ್ನುತ್ತೇವೆ. ಕೆಟ್ಟಿದೆ ಎಂದರೂ ಕತ್ತರಿಸಿದ್ದನ್ನು ಮರಳಿ ಅಂಟಿಸುವ ವಿದ್ಯೆ ಅವನಿಗೆ ಬಾರದಾದ್ದರಿಂದ ಇದು ಉಭಯಪಕ್ಷಗಳ ಸೌಜನ್ಯದ ವಿಧಿಯಷ್ಟೇ. ಚಿಕ್ಕೋಡಿಯಲ್ಲಿ ಬಹುಕಾಲದಿಂದ ನನ್ನ ತಲೆಯನ್ನು ನೋಡಿಕೊಂಡು ಬಂದಿರುವ ಮಾರುತಿ ಈ ವಿಧಿಯನ್ನು ಒಮ್ಮೆಯೂ ತಪ್ಪಿಸಿದವನಲ್ಲ. ಆದರೆ ಒಂದು ಭಾನುವಾರ ಅವನು ಮೊಳೆಯಿಂದ ಕನ್ನಡಿ ತೆಗೆದ, ನನ್ನ ನೆತ್ತಿಯನ್ನು ನೋಡಿದ, ಒಂದು ಕ್ಷಣ ಯೋಚಿಸಿದ, ಕನ್ನಡಿಯನ್ನು ಮತ್ತೆ ಮೊಳೆಗೇ ತಗುಲಿಸಿ, “ಮುಗೀತ್ರಿ ಸಾಹೇಬ್ರ” ಎಂದು ಬಟ್ಟೆ ಝಾಡಿಸಿಬಿಟ್ಟ. ಪಕ್ಕದ ಕುರ್ಚಿಯವನಿಗೆ ಮಾತ್ರ ಧಾರಾಳವಾಗಿ ಹಿಡಿದ. ವೈದ್ಯರು ರೋಗಿಗೆ ಏನೂ ಹೇಳದೆ ಅವನ ಹೆಂಡತಿಯನ್ನು ಹೊರಗೆ ಕರೆದು ಮಾತಾಡಿದಂತಾಯಿತು ನನಗೆ.

ನಾನು ಭೂಮಾಪನ ಇಲಾಖೆಯ ನೌಕರ. ‘ಬಾಜೂದಾಂವ ನಮ್ಮ ಬದು ಒತ್ತ್ಯಾನ್ರಿ’ ಎಂದು ಅರ್ಜಿ ಬಂದಲ್ಲಿಗೆ ಸರಪಳಿ ಹಿಡಿದು ಹೋಗಿ, ಕಬ್ಬಿನ ಗರಿಗಳಿಂದ ಮುಖ ಕೊಯ್ಯಿಸಿಕೊಂಡು, ಯಾರು ಯಾರ ನೆಲದೊಳಗೆ ಎಷ್ಟು ಗೇಣು ನುಗ್ಗಿದ್ದಾರೆಂದು ಸಾರುವುದು ನನ್ನ ಕಸುಬು. ಇಂಥ ನನ್ನ ಕಣ್ಣೆದುರೇ, ಅಲ್ಲ, ಕಣ್ಣ ಮೇಲೆಯೇ, ನನ್ನ ಹಣೆ ವರ್ಷವರ್ಷವೂ ತಲೆಯನ್ನು ಒತ್ತುತ್ತ ಹೋದದ್ದು ವಿಧಿವಿಲಾಸ. ಹುಬ್ಬಿನಿಂದ ಕೂದಲಿನ ಅಂಚಿನವರೆಗೆ ಫುಟ್‌ಪಟ್ಟಿ ಇಟ್ಟು ಅಳೆದು ವಹಿಯೊಂದರಲ್ಲಿ ಬರೆದಿಡುತ್ತಿದ್ದೆ. ಹಣೆಯ ದಂಡಯಾತ್ರೆ ಮುಂದಿನಿಂದ ಸಾಗಿರುವಾಗಲೇ ನೆತ್ತಿಯಲ್ಲಿ ಬೇರೊಂದು ಬಯಲು ಹುಟ್ಟಿಕೊಂಡು, ಎರಡೂ ಸೈನ್ಯಗಳು ಮಧ್ಯದಲ್ಲಿ ಕೈಕುಲುಕಿದವು. ಯಾರ ಮೇಲೆ ಅರ್ಜಿ ಹಾಕಲಿ ಹೇಳಿ!

ಉಳಿದದ್ದು ಎಡಗಿವಿಯ ಮೇಲಿನ ಒಂದು ಜೊಂಪೆ. ಅದನ್ನು ಅಕ್ಕರೆಯಿಂದ ಗೇಣುದ್ದ ಬೆಳೆಸಿ, ಎಣ್ಣೆ ಹಚ್ಚಿ, ಬಯಲನ್ನೆಲ್ಲ ದಾಟಿಸಿ ಬಲಗಿವಿಗೆ ಮುಟ್ಟಿಸುತ್ತಿದ್ದೆ. ಮನೆಯೊಳಗೆ ಇದು ಚೆನ್ನಾಗಿಯೇ ಇತ್ತು. ಹೊಲದಲ್ಲಿ ಗಾಳಿ ಬಂದರೆ ಮಾತ್ರ ಜೊಂಪೆಯೆಲ್ಲ ಒಟ್ಟಿಗೆ ಎದ್ದು ನಿಂತುಬಿಡುತ್ತಿತ್ತು. ಆಗ ಜಗಳವಾಡುತ್ತಿದ್ದ ಎರಡೂ ಕಡೆಯ ರೈತರು ಮೊದಲ ಬಾರಿಗೆ ಒಮ್ಮತಕ್ಕೆ ಬಂದು, ಏನೂ ಕಾಣದವರಂತೆ ಕಬ್ಬಿನ ಕಡೆ ಮುಖ ತಿರುಗಿಸುತ್ತಿದ್ದರು. ನಮ್ಮ ಜನ ಒಳ್ಳೆಯವರು.

ಒಳ್ಳೆಯವರಾದ್ದರಿಂದಲೇ ಮದ್ದುಗಳನ್ನೂ ಹೇಳುತ್ತಿದ್ದರು. ಉಳ್ಳಾಗಡ್ಡಿ ರಸ ತಿಕ್ಕಿದೆ. ಹದಿನೈದು ದಿನ ನನ್ನ ಹೆಂಡತಿ ಶೋಭಾ ಪಡಸಾಲೆಯಲ್ಲಿ ಮಲಗಿದಳು. ಭೋಜ ಗ್ರಾಮದ ರೈತರೊಬ್ಬರು, ಬದುವಿನ ಕಲ್ಲು ತಮ್ಮ ಪರವಾಗಿ ಬಿದ್ದ ಸಂತೋಷದಲ್ಲಿ, ಬೆಲ್ಲವಾಗುವ ಮುಂಚಿನ ಪಾಕ ಕಾಕವಿಯನ್ನು ಡಬ್ಬಿಗಟ್ಟಲೆ ಕೊಟ್ಟು, “ಹಚ್ಚಿ ಬಿಸಲಾಗ ಕುಂದರ್ರಿ ಸಾಹೇಬ್ರ, ಕಬ್ಬ ಬಂದಂಗ ಬರತಾವು” ಎಂದರು. ಹಚ್ಚಿ ಕುಳಿತೆ. ಬಂದವು, ಕೂದಲಲ್ಲ, ಕೆಂಪಿರುವೆಗಳು. ಅಂಗಳದ ನಲ್ಲಿಯ ಕೆಳಗೆ ತಲೆಯಿಟ್ಟು ನಾನು ಕುಣಿಯುತ್ತಿದ್ದಾಗ ನಮ್ಮ ಅವ್ವ ಮೊರ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕೊನೆಗೆ ನಿಪ್ಪಾಣಿಯ ಚರ್ಮವೈದ್ಯೆಯೊಬ್ಬರ ಬಳಿ ಹೋದೆ. ಆಕೆ ದೀಪ ಹಿಡಿದು ನನ್ನ ಶಿರೋಭಾಗವನ್ನು ಸಾವಕಾಶವಾಗಿ ಪರಿಶೀಲಿಸಿ, “ಇದು ಮನೆತನದಾಗ ಹರದ ಬರತೈತ್ರಿ. ಔಷಧ ಹಚ್ಚಿದ್ರ ಇದ್ದದ್ದ ಉಳೀಬಹುದು. ಹೋದದ್ದೆಲ್ಲಾ ಬರತೈತಿ ಅಂತ ನಾ ಹೇಳಂಗಿಲ್ಲ. ನಿಮ್ಮ ತಂದಿಯವರ ತಲಿ ಹೆಂಗಿತ್ತು?” ಎಂದು ಕೇಳಿದರು.

ಅಪ್ಪ ತೀರಿಕೊಂಡಾಗ ನನಗೆ ಎಂಟು ವರ್ಷ, ತಂಗಿ ಸುನಂದಾ ತೊಟ್ಟಿಲಲ್ಲಿದ್ದಳು. ಎಷ್ಟು ನೆನಪು ಕೆದಕಿದರೂ ನನಗೆ ಸಿಗುವುದು ಒಂದು ಬಿಳಿ ಟೋಪಿ, ಅದರ ಕೆಳಗೆ ನಗುವ ಮುಖ. ಗೋಡೆಯ ಮೇಲಿನ ಏಕೈಕ ಫೋಟೋದಲ್ಲೂ ಟೋಪಿ ಬಲಕ್ಕೆ ಸ್ವಲ್ಪ ವಾಲಿಸಿಕೊಂಡು ಠೀವಿಯಿಂದ ಕುಳಿತಿದ್ದಾರೆ. ಹುಡುಗನಾಗಿದ್ದಾಗ ನಾನೂ ಶಾಲೆಯ ಬೆಳಗಿನ ಮೆರವಣಿಗೆಯಾದ ಪ್ರಭಾತಫೇರಿಗೆ ಹಾಗೆಯೇ ಟೋಪಿ ವಾಲಿಸಿಕೊಂಡು ಹೋಗುತ್ತಿದ್ದೆ. ಮನೆಗೆ ಬಂದು ಅವ್ವನನ್ನು ಕೇಳಿದರೆ, “ಅವರ ಟೋಪಿ ಒಳಗಿನ ಸುದ್ದಿ ನಿನಗ್ಯಾಕಲೇ ಈಗ?” ಎಂದು ತಿರುಗಿ ಬೇಳೆ ಆರಿಸತೊಡಗಿದಳು. ಅವಳ ಭುಜ ಸಣ್ಣಗೆ ಅಲುಗುತ್ತಿತ್ತು. ಅಳುವೋ ನಗುವೋ ತಿಳಿಯಲಿಲ್ಲ.

ವೈದ್ಯೆಯ ಔಷಧಕ್ಕೆ ತಾಳ್ಮೆ ಬೇಕಾಗಿತ್ತು, ನನಗಿರಲಿಲ್ಲ. ಅಷ್ಟರಲ್ಲಿ ಸುನಂದಾ ಫೋನು ಮಾಡಿ ಮಗನ ಜಾವಳದ ದಿನ ತಿಳಿಸಿದಳು. ಜಾವಳವೆಂದರೆ ಕೂಸಿನ ಹುಟ್ಟುಗೂದಲು ತೆಗೆಸುವ ಶಾಸ್ತ್ರ. ನಮ್ಮ ಕಡೆ ಕೂಸು ಸೋದರಮಾವನ ತೊಡೆಯ ಮೇಲೆಯೇ ಕುಳಿತಿರಬೇಕು, ಬಿದ್ದ ಕೂದಲನ್ನು ಸೋದರತ್ತೆ ಸೆರಗಿನಲ್ಲಿ ಹಿಡಿಯಬೇಕು. ಐನಾಪುರದ ಸೊಸೆಯಾಗಿ ಹೋಗಿ ಒಂಬತ್ತು ವರ್ಷ ಕಾದ ಮೇಲೆ ಆಕೆಗೆ ಹುಟ್ಟಿದ ಕೂಸು ಪಿಂಟ್ಯಾ. ಚಿಂಚಲಿಯ ದೇವಿ ಮಾಯಕ್ಕನಿಗೆ ಹರಕೆ ಹೊತ್ತು ಪಡೆದ ಕೂಸು. “ಅಣ್ಣಾ, ಅಪ್ಪ ಅಂತೂ ಇಲ್ಲ. ತವರಮನಿ ಅಂದ್ರ ನೀನ. ಎಲ್ಲಾ ಸರಳ ಆಗಬೇಕ ನೋಡ” ಎಂದಳು.

ಇಂಥ ಮಾತು ಕೇಳಿದ ಅಣ್ಣನಾದವನು ಏನು ಯೋಚಿಸಬೇಕು? ನಾನು ಯೋಚಿಸಿದ್ದು ನನ್ನ ನೆತ್ತಿಯನ್ನು. ಬೀಗರೆಲ್ಲ ಬರುತ್ತಾರೆ, ಎಲ್ಲರ ಕೈಯಲ್ಲೂ ಮೊಬೈಲು, ತೊಡೆಯ ಮೇಲಿನ ಕೂಸನ್ನು ಮೇಲಿನಿಂದ ಚಿತ್ರ ತೆಗೆದರೆ ಅಗ್ರಸ್ಥಾನದಲ್ಲಿ ಬೀಳುವುದು ನನ್ನ ಬಯಲೇ. ಹೀಗಾಗಿ ಜಾಹೀರಾತು ನೋಡಿ ಒಂದು ಕರಿಪುಡಿ ತರಿಸಿದೆ. ಉಪ್ಪಿನಂತೆ ಉದುರಿಸಿಕೊಂಡರೆ ಸಾಕು, ಬೋಳು ಮಾಯವಾಗಿ ಹತ್ತು ಹೆಜ್ಜೆ ದೂರದಿಂದ ಯುವಕ. ಆ ದಿನ ಬೆಳಿಗ್ಗೆ ಅರ್ಧ ಡಬ್ಬಿ ಉದುರಿಸಿ, ಮೇಲೆ ಜೊಂಪೆ ಹಾಯಿಸಿ, ಅವ್ವನನ್ನೂ ಶೋಭಾಳನ್ನೂ ಕರೆದುಕೊಂಡು ಹೊರಟೆ. ಶೋಭಾ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಜಾತ್ರೆಯ ಗದ್ದಲವಿಲ್ಲದ ಸಾದಾ ದಿನವಾದರೂ ಚಿಂಚಲಿಯ ಬಿಸಿಲು ಮಾತ್ರ ಸಾದಾ ಇರಲಿಲ್ಲ. ಕಂಬಳಿ ಹಾಸಿ ನನ್ನನ್ನು ಕೂಡಿಸಿದರು, ಪಿಂಟ್ಯಾನನ್ನು ತೊಡೆಗೆ ಕೊಟ್ಟರು. ತಂಗಿಯ ಅತ್ತೆ ಭಕ್ತಿಯ ಭರದಲ್ಲಿ ಒಂದು ಬೊಗಸೆ ಅರಿಷಿಣದ ಭಂಡಾರ ಎತ್ತಿ ನಮ್ಮಿಬ್ಬರ ಮೇಲೂ ತೂರಿದರು. ಬೆವರಿನಲ್ಲಿ ನೆನೆದ ಕರಿಪುಡಿಯ ಮೇಲೆ ಅರಿಷಿಣ ಬಿದ್ದು ನೆತ್ತಿ ಗದ್ದೆಯಾಯಿತು. ಪಿಂಟ್ಯಾ ತಿರುಗಿ ಕುಳಿತು ಎರಡೂ ಕೈಯಿಂದ ಅದನ್ನು ಬಡಿದ, ತನ್ನ ಗಲ್ಲಕ್ಕೆ ಬಳಿದುಕೊಂಡ, ಮತ್ತೆ ಬಡಿದ, ಮೂಗಿಗೆ ಬಳಿದುಕೊಂಡ. ಸೆರಗೊಡ್ಡಿ ನಿಂತಿದ್ದ ಅವನ ಸೋದರತ್ತೆ, ಸುನಂದಾಳ ನಾದಿನಿ, “ಅಯ್ಯ ನಮ್ಮವ್ವ, ಮಾಮಾ ಎಷ್ಟ್ ದೃಷ್ಟಿಬೊಟ್ಟ ಹಚ್ಚ್ಯಾರ!” ಎಂದಳು. ಹಣೆಯಿಂದ ಕಿವಿಯವರೆಗೆ ನನ್ನ ಯೌವನ ಗೆರೆಗೆರೆಯಾಗಿ ಇಳಿಯುತ್ತಿತ್ತು.

ಅಷ್ಟರಲ್ಲಿ ವೃದ್ಧ ಕ್ಷೌರಿಕರು ಕತ್ತಿ ಮಸೆದು ಮುಂದೆ ಬಂದರು. ಅದನ್ನು ಕಂಡದ್ದೇ ತಡ, ಕೂಸು ಊರು ಒಂದಾಗುವಂತೆ ಚೀರಿತು. ಬೆನ್ನು ಬಿಲ್ಲಾಗಿಸಿ ತಲೆ ಒಗೆಯಿತು. ಗಿಲಕಿ ಆಡಿಸಿದರು, ಪೇಢಾ ತೋರಿಸಿದರು, ಸುನಂದಾಳ ಗಂಡ ಆಡಿನಂತೆ ಕೂಗಿದ. ಏನೂ ನಡೆಯಲಿಲ್ಲ. ಮುದುಕರು ಮೂರು ಬಾರಿ ಕತ್ತಿ ತಂದು ಮೂರು ಬಾರಿಯೂ ಹಿಂದೆಗೆದು, “ಹಿಂಗ ಹೊಳ್ಳ್ಯಾಡಿದ್ರ ನಾ ಕತ್ತಿ ಹಚ್ಚಂಗಿಲ್ರಿ. ಎಳೀ ತಲಿ, ರಕ್ತ ಬಂದ್ರ ಹೆಂಗ?” ಎಂದು ಕೆಳಗಿಟ್ಟೇಬಿಟ್ಟರು. ತಂಗಿಯ ಅತ್ತೆಯ ಮುಖ ಸಣ್ಣದಾಯಿತು. ಮಧ್ಯಾಹ್ನದೊಳಗೆ ಆಗಲೇಬೇಕಿತ್ತು, ಹರಕೆ ಹಾಗೇ ಉಳಿಯುವಂತಿರಲಿಲ್ಲ. ಸುನಂದಾಳ ಕಣ್ಣು ತುಂಬಿಬಂತು.

ಮುದುಕರು ಅತ್ತಿತ್ತ ನೋಡಿ, ನನ್ನ ತಲೆಯ ಮೇಲೆ ದೃಷ್ಟಿ ನಿಲ್ಲಿಸಿದರು. “ಮಾಮಾ, ಮೊದಲ ನಿಮ್ದ ತೆಗೀತೀನಿ. ಕೂಸ ನೋಡಿ ಹೆದರಿಕಿ ಬಿಡತೈತಿ.”

ದಿನಕ್ಕೆ ಮೂರು ಬಾರಿ ಬಾಚಿ, ಹೆಲ್ಮೆಟ್ಟಿಗೆ ಮಕಮಲ್ಲಿನ ಬಟ್ಟೆ ಹೊಲಿಸಿ ಸಾಕಿದ ಜೊಂಪೆ!

“ದಾಡಿ ಮಾಡಿ ತೋರಿಸ್ರಲ್ಲ, ಸಾಕಾಗತೈತಿ” ಎಂದೆ.

“ಕೂಸಿಗೆ ದಾಡಿ ಎಲ್ಲೈತ್ರಿ?” ಎಂದರು.

ತಾಯಿ ಬದುಕಿರುವಾಗ ಮಗ ತಲೆ ಬೋಳಿಸಬಾರದೆಂಬ ಶಾಸ್ತ್ರ ನೆನಪಾಗಿ ಆಸೆಯಿಂದ ಅವ್ವನ ಕಡೆ ನೋಡಿದೆ. ಅವಳು, “ದೇವೀ ಮುಂದ ಕೊಟ್ರ ಅದು ಹರಕಿ. ಕೊಡ, ಏನಾಗಂಗಿಲ್ಲ” ಎಂದು ಆ ಬಾಗಿಲನ್ನೂ ಮುಚ್ಚಿದಳು. ಸುನಂದಾ “ಅಣ್ಣಾ” ಎಂದಳು, ಅಷ್ಟೇ. ಚಿಕ್ಕವಳಿದ್ದಾಗ ಜೋಕಾಲಿಯ ಮೇಲೆ ನಿಂತು ಹಿಡಿದುಕೋ ಎಂದು ಹಾಗೆ ಕರೆಯುತ್ತಿದ್ದಳು. ಮಾಯಕ್ಕಾ, ನಿನ್ನಿಚ್ಛೆ ಎಂದು ನಾನು ತಲೆ ಬಗ್ಗಿಸಿದೆ.

ಮುದುಕರು ಜೊಂಪೆಯನ್ನು ಎರಡು ಬೆರಳಲ್ಲಿ ಎತ್ತಿದರು. ಅದು ಏಳುತ್ತಲೇ ಹೋಯಿತು. “ಅಬಬಬ, ಎಷ್ಟ್ ಉದ್ದೈತೋ!” ಎಂದು ಯಾರೋ ಉದ್ಗರಿಸಿದರು. ಕೆಳಗೆ ಬೀಳುವ ಮುಂಚೆ ಸುನಂದಾ ಓಡಿಬಂದು ತನ್ನ ಸೆರಗು ಒಡ್ಡಿದಳು. ನಲವತ್ತು ದಾಟಿದ ಸರ್ಕಾರಿ ನೌಕರನ ಜಾವಳಕ್ಕೆ ತಂಗಿ ಸೆರಗೊಡ್ಡಿದ್ದನ್ನು ನೋಡಿ ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಅತ್ತೆಯೂ ನಕ್ಕರು. ಎಲ್ಲರೂ ನಗುವುದನ್ನು ಕಂಡ ಪಿಂಟ್ಯಾ ಅಳು ನಿಲ್ಲಿಸಿ, ಬಾಯಿ ತೆರೆದು ನನ್ನ ತಲೆ ಬೆಳ್ಳಗಾಗುವುದನ್ನೇ ನೋಡಿದ. ಮುಗಿದೊಡನೆ ಅಂಗೈಯಿಂದ ಟಪ್ಪೆಂದು ಒಂದು ಹೊಡೆದು ಕಿಲಕಿಲ ನಕ್ಕ. ಆಮೇಲೆ ತನ್ನ ಸರದಿಗೆ ತಾನೇ ತಲೆ ಮುಂದೆ ಮಾಡಿದನೆಂದರೆ ನೀವು ನಂಬಲಿಕ್ಕಿಲ್ಲ. ಆದರೆ ಚೀರಲಿಲ್ಲ, ಕದಲಲಿಲ್ಲ. ನನ್ನ ಗದ್ದ ಹಿಡಿದುಕೊಂಡು ತೂಕಡಿಸಿದ. ಹುಟ್ಟುಗೂದಲು ಸೋದರತ್ತೆಯ ಸೆರಗಿಗೆ ಸುರುಳಿಸುರುಳಿಯಾಗಿ ಬಿತ್ತು. ಮಧ್ಯಾಹ್ನವಾಗಲು ಇನ್ನೂ ಅರ್ಧ ತಾಸಿತ್ತು.

ನೀರು ಹಾಕಿ ಇಬ್ಬರ ತಲೆಯನ್ನೂ ಒರೆಸುತ್ತಿದ್ದ ಅವ್ವ ಇದ್ದಕ್ಕಿದ್ದಂತೆ ಬಟ್ಟೆ ಕೆಳಗೆ ಬಿಟ್ಟಳು. ಅವಳ ಒಂದು ಕೈ ನನ್ನ ಎಡಗಿವಿಯ ಹಿಂದೆ ಮೇಲ್ಗಡೆ ನಿಂತಿತ್ತು, ಇನ್ನೊಂದು ಪಿಂಟ್ಯಾನ ತಲೆಯ ಅದೇ ಜಾಗದಲ್ಲಿ.

“ಸುನಂದಾ, ಬಾ ಇಲ್ಲಿ. ಈ ಉಬ್ಬ ನೋಡ. ಕೂಸಿಗೂ ಐತಿ, ಇವಗೂ ಐತಿ.” ನೆಲ್ಲಿಕಾಯಿಯಷ್ಟು ಗುಬುಟು, ಅದರ ಕೆಳಗೊಂದು ತಗ್ಗು. “ಇದು ನಿಮ್ಮಪ್ಪನ ತಲಿ ನೋಡವ್ವಾ. ಇದರ ಸಲುವಾಗಿ ಟೋಪಿ ನೆಟ್ಟಗ ಕುಂದರ್ತಿದ್ದಿಲ್ಲ ಅವರಿಗೆ, ಬಲಕ್ಕ ವಾಲತಿತ್ತು.”

ಹಾಗಾದರೆ ಅದು ಠೀವಿಯಲ್ಲ! “ಕೂದಲ ಇದ್ದಿದ್ದಿಲ್ಲೇನ ಅವರಿಗೆ?” ಎಂದೆ.

“ಎಲ್ಲಿ ಕೂದಲೋ! ನನ್ನ ನೋಡಾಕ ಬಂದಾಗ ಟೋಪಿ ತೆಗೀಲಿಲ್ಲ. ಲಗ್ನದಾಗ ಬಾಸಿಂಗ ಕಟ್ಟಿದ್ರು, ಪಟಕಾ ಸುತ್ತಿದ್ರು. ಮನೀಗೆ ಬಂದ ಮ್ಯಾಲೆ ಗೊತ್ತಾತು.” ಅವ್ವ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಯಾರ ಮುಂದೂ ಹೇಳಬ್ಯಾಡ ಅಂತ ಆಣಿ ಹಾಕಿಸಿಕೊಂಡಿದ್ರು. ಹೇಳಿದ್ದಿಲ್ಲ ಇಲ್ಲೀತನಕ.”

ಅಪ್ಪನನ್ನು ಒಮ್ಮೆಯೂ ಕಂಡ ನೆನಪಿಲ್ಲದ ಸುನಂದಾ ಮಗನ ತಲೆಯ ಮೇಲೊಮ್ಮೆ, ನನ್ನ ತಲೆಯ ಮೇಲೊಮ್ಮೆ ಕೈಯಾಡಿಸುತ್ತ ಬಹಳ ಹೊತ್ತು ನಿಂತಳು. “ಹಿಂಗಿತ್ತಾ?” ಎಂದು ಕೇಳಿದಳು. “ಹಿಂಗ ಇತ್ತು” ಎಂದಳು ಅವ್ವ. ನನಗೆ ದುಃಖ ಉಮ್ಮಳಿಸಿ ಬಂತು, ಹೇಳಲು ಸಂಕೋಚವೇನು. ನಾನು ಅಷ್ಟು ವರ್ಷ ಗೇಣುದ್ದ ಜೊಂಪೆ ಬೆಳೆಸಿ ಬಚ್ಚಿಟ್ಟದ್ದು ಅದೇ ಜಾಗವನ್ನು. ಅಪ್ಪ ನನಗೆ ಬಿಟ್ಟುಹೋದ ಗುರುತಿನ ಕಲ್ಲು ಅಲ್ಲೇ ಇತ್ತು, ಊರಿನ ಕಲ್ಲನ್ನೆಲ್ಲ ಹುಡುಕುವ ನನಗೇ ಸಿಕ್ಕಿರಲಿಲ್ಲ.

ಪಿಂಟ್ಯಾನ ತಲೆಯಲ್ಲಿ ಈಗ ಮತ್ತೆ ಕೂದಲು ಬಂದಿದೆ. ಸುನಂದಾ ಆಗಾಗ ಅದನ್ನು ಸರಿಸಿ ಉಬ್ಬನ್ನು ಮುಟ್ಟಿ ನೋಡುತ್ತಾಳಂತೆ. ನನ್ನ ತಲೆಯಲ್ಲಿ ಬರಬೇಕಾದಲ್ಲಿ ಬರಲಿಲ್ಲ, ಬಂದದ್ದನ್ನು ನಾನು ಇಡುವುದಿಲ್ಲ. ಮಿಕ್ಕ ಕರಿಪುಡಿಯನ್ನು ಶೋಭಾ ತವೆ ತಿಕ್ಕಲು ಬಳಸಿ, ಅದಕ್ಕೂ ಪ್ರಯೋಜನವಿಲ್ಲ ಎಂದು ತೀರ್ಪಿತ್ತಳು.

ಚಿಂಚಲಿಯಿಂದ ಬಂದ ಮರುವಾರವೇ ಮಾರುತಿಯ ಅಂಗಡಿಗೆ ಹೋಗಿದ್ದೆ. ಅವನು ಗಾಬರಿಯಿಂದ ಮೊದಲು ಅವ್ವನ ಯೋಗಕ್ಷೇಮ ವಿಚಾರಿಸಿದ, ನಂತರ ದಾಡಿ ಮಾಡಿದ, ಅಂಚಿನ ಚಿಗುರನ್ನು ಹೆರೆದ, ಬಟ್ಟೆ ಝಾಡಿಸಿದ. ನಾನು ಏಳಲಿಲ್ಲ.

“ಕನ್ನಡಿ ಹಿಡಿ” ಎಂದೆ.

ಅವನು ಮೊಳೆಯನ್ನು ನೋಡಿದ, ನನ್ನನ್ನು ನೋಡಿದ. “ಯಾಕ ಬಿಡ್ರಿ ಸಾಹೇಬ್ರ” ಎಂದ ಪಾಪ. ಒತ್ತಾಯಿಸಿದ ಮೇಲೆ ಅಳುಕುತ್ತಲೇ ಹಿಡಿದ. “ಇನ್ನೊಂದೀಟ ಎಡಕ್ಕ” ಎಂದೆ. ಕನ್ನಡಿ ವಾಲಿತು. ಕಿವಿಯ ಹಿಂದೆ, ಬೆಳಕು ಬಿದ್ದಲ್ಲಿ, ನೆಲ್ಲಿಕಾಯಿಯಷ್ಟು ಉಬ್ಬು ಕಂಡಿತು. ಬೆಂಚಿನ ಮೇಲೆ ಕಾಯುತ್ತಿದ್ದವರು ಕೆಮ್ಮಿದರು. ಮಾರುತಿಯ ಕೈ ನೋಯುತ್ತಿದ್ದಿರಬೇಕು. ನಾನು ನೋಡುತ್ತಲೇ ಇದ್ದೆ.

“ಏನ ಹುಡಕಾಕತ್ತೀರಿ ಸಾಹೇಬ್ರ?”

“ಚಂದಾಗೈತಿ” ಎಂದೆ.