ಒಂದ ರಕ್ತ

ಶಿವಬಸವ್ವ ಬಾಯಿ ತೆರೆದಳೆಂದರೆ ಎದುರಿನವರು ಬಾಯಿ ಮುಚ್ಚಬೇಕು, ಅಂಥ ಹೆಂಗಸು. ಹುಟ್ಟಿದ್ದು ಗುಡೂರು. ಗಂಡ ಸತ್ತ ಮೇಲೆ ಇಳಕಲ್ಲಿಗೆ ಬಂದು, ಹುಸೇನಸಾಬನ ಸೀರೆ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಒಬ್ಬಳೇ ಮಗಳನ್ನು ಸಾಕಿದಳು. ಮಗಳು ಶಿವಗಂಗಾ ದೊಡ್ಡವಳಾದಾಗ ಹುನಗುಂದದಿಂದ ಒಳ್ಳೆಯ ಸಂಬಂಧವೇ ಬಂದಿತ್ತು. ಬಂದವರಿಗೆ ಚಹಾ ಕುಡಿಸಿ ಕಳಿಸಿದಳು. ಮಗಳನ್ನು ತನ್ನ ಕಡೇ ತಮ್ಮ ಸಂಗಮೇಶನಿಗೇ ಕೊಟ್ಟಳು. ಕೇಳಿದವರಿಗೆಲ್ಲ ಒಂದೇ ಉತ್ತರ: “ಒಂದ ರಕ್ತ. ನಾಳೆ ಏನರ ಆದ್ರ ರಕ್ತ ಕೈ ಹಿಡೀತೈತಿ, ನೀರು ಹಿಡೀತೈತೇನು?”

ಆ ಒಂದೇ ರಕ್ತಕ್ಕೆ ಶೀಲಾ ಹುಟ್ಟಿದಳು.

ಕೂಸು ಅಂಬೆಗಾಲಿಡುವ ಹೊತ್ತಿಗೇ ಸುಣ್ಣ ಬಳಿದ ಗೋಡೆಯಂತಾಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ಓಣಿಯ ಡಾಕ್ಟರ ರಕ್ತ ತಪಾಸಣೆ ಮಾಡಿಸಿ, ರಕ್ತ ಕಡಿಮೆ ಇದೆ, ಕಣಗಳು ಸಣ್ಣವು, ಬಿಳಿಚಿಕೊಂಡಿವೆ, ಮೈಯಲ್ಲಿ ಕಬ್ಬಿಣ ಇಲ್ಲ ಎಂದು ಟಾನಿಕ್ ಬರೆದುಕೊಟ್ಟ. ಈ ಕಡೆ ‘ರಕ್ತ ಕಡಿಮಿ’ ಅಂದರೆ ಎಲ್ಲರಿಗೂ ಒಂದೇ ರೋಗ, ಒಂದೇ ಬಾಟಲಿ. ಮುಂದೆ ವಿಚಾರಿಸುವವರು ಯಾರು?

ಬಸುರಿದ್ದಾಗ ನೆಟ್ಟಗೆ ಉಣ್ಣಲಿಲ್ಲ ಎಂದು ಶಿವಬಸವ್ವ ಮಗಳನ್ನು ಬೈದಳು. ಅಟ್ಟದ ಮೇಲಿದ್ದ ಕಬ್ಬಿಣದ ಕಡಾಯಿ ಇಳಿಸಿ ತೊಳೆದಳು. ಅದರಲ್ಲೇ ನುಗ್ಗೆ ತಪ್ಪಲು ಬಾಡಿಸಿ, ಅದರಲ್ಲೇ ಬೆಲ್ಲ ಕಾಯಿಸಿ ಶೇಂಗಾ ಉಂಡೆ ಕಟ್ಟಿ, ಕೂಸಿನ ಮೂಗು ಹಿಡಿದು ಟಾನಿಕ್ ಹಾಕಿದಳು. ಬಾಟಲಿ ಮುಗಿದರೆ ಡಾಕ್ಟರನನ್ನೂ ಕೇಳದೆ ಮತ್ತೊಂದು ತಂದಳು. ಕೂಸಿನ ಹಲ್ಲು ಕರ್ರಗಾದವು. ಔಷಧ ಹತ್ತತೊಡಗಿತೆಂದು ಓಣಿಯ ತುಂಬ ಹೇಳಿಕೊಂಡು ಬಂದಳು.

ಹೊಸ್ತಿಲಿಂದ ಕಟ್ಟೆಯವರೆಗೆ ನಡೆದರೆ ಏದುಸಿರು ಬರುವಂತಾದಾಗ ಸಂಗಮೇಶ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೊರಟ. ಹಿಂದೆ ಶಿವಗಂಗಾ, ಅವಳ ಹಿಂದೆ ಶಿವಬಸವ್ವ. ಅಲ್ಲಿಯ ಡಾಕ್ಟರಬಾಯಿ ಕೂಸಿನ ರಕ್ತ ನೋಡಿ, ತಂದೆತಾಯಿಯದೂ ಬೇಕು ಅಂದಳು. ಸಂಗಮೇಶ ಸಿಟ್ಟಿಗೆದ್ದ. ಇಳಕಲ್ಲಿನ ಕಲ್ಲಿನ ಗಣಿಯಲ್ಲಿ ದುಡಿಯುವ ಆಳು, ಅವನಿಗೆಂಥ ರಕ್ತ ಕಡಿಮೆ! ಕೊನೆಗೆ ತೋಳು ಚಾಚಿದ.

ಮರಳಿ ಕರೆದಾಗ ಡಾಕ್ಟರಬಾಯಿ ಪರದೆಯ ಮೇಲೆ ಚಿತ್ರ ತೋರಿಸಿದಳು. ಒಳ್ಳೆಯ ಕಣ ದುಂಡಗೆ, ತುಂಬಿಕೊಂಡಿತ್ತು. ಶೀಲಾಳವು ಹಾಗಿರಲಿಲ್ಲ. ಒಂದು ಸಣ್ಣದು, ಒಂದು ಹರಿದದ್ದು, ಬಹಳಷ್ಟು ಖಾಲಿ ಬಳೆಯ ನಡುವೆ ಒಂದು ಚುಕ್ಕೆ ಇಟ್ಟಂಥವು. ಕಬ್ಬಿಣ ಕಡಿಮೆಯಾದರೂ ಕಣ ಸಣ್ಣಗೆ, ಬಿಳಿಚಾಗಿ ಕಾಣುತ್ತವೆ, ಓಣಿಯ ಡಾಕ್ಟರ ಅಲ್ಲೇ ಮೋಸ ಹೋದ ಎಂದು ಬಿಡಿಸಿ ಹೇಳಿದಳು. ಆದರೆ ಕಬ್ಬಿಣ ಕಡಿಮೆಯಾದವರಲ್ಲಿ ಕಣಗಳ ಎಣಿಕೆಯೂ ಇಳಿಯುತ್ತದೆ. ಗಂಡಹೆಂಡಿರಿಬ್ಬರದೂ ಎಣಿಕೆ ಹೆಚ್ಚೇ ಇತ್ತು, ಆದರೆ ಪ್ರತಿ ಕಣವೂ ಅರ್ಧವಷ್ಟೇ ತುಂಬಿತ್ತು.

“ಮಂದಿ ಭಾಳ ಐತ್ರಿ, ದುಡಿಯೋ ಕೈ ಇಲ್ಲ,” ಅಂದಳು ಡಾಕ್ಟರಬಾಯಿ.

ಇಬ್ಬರಲ್ಲೂ ಅಡಗಿದ್ದ ಅರ್ಧರ್ಧ ದೋಷ ಕೂಸಿನಲ್ಲಿ ಪೂರ್ತಿಯಾಗಿತ್ತು. ಥಲಸ್ಸೇಮಿಯಾ. ಆ ಹೆಸರು ಶಿವಬಸವ್ವನ ನಾಲಿಗೆಗೆ ಹೊರಳಲಿಲ್ಲ. ಕೂಸಿನ ಮೈಯಲ್ಲಿ ಕಬ್ಬಿಣ ಕಡಿಮೆಯಲ್ಲ, ಮೊದಲೇ ಹೆಚ್ಚಾಗಿದೆ, ಟಾನಿಕ್ ಹಾಕಿದವರು ಯಾರು ಎಂದು ಡಾಕ್ಟರಬಾಯಿ ಕೇಳಿದಾಗ ಮಾತ್ರ, “ನಾನ,” ಅಂದಳು. ಡಾಕ್ಟರಬಾಯಿ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಕೂಸಿಗೆ ಕೂಡಲೇ ರಕ್ತ ಏರಿಸಬೇಕಿತ್ತು. ಶಿವಬಸವ್ವ ಎಲ್ಲರಿಗಿಂತ ಮೊದಲು ಕುಪ್ಪಸದ ತೋಳು ಮೇಲೇರಿಸಿದಳು.

“ನಂದು ತಗೋರಿ. ನಾ ಇಕಿ ಆಯಿ. ಒಂದ ರಕ್ತ ಐತಿ.”

ಒಂದಿಷ್ಟು ತೆಗೆದು ತಪಾಸಿಸಿದರು. ಡಾಕ್ಟರಬಾಯಿ ಕಾಗದ ನೋಡಿ ಮೆಲ್ಲಗೆ ಹೇಳಿದಳು: “ಹೌದ್ರಿ ಯವ್ವಾ, ನಿಮ್ಮದೂ ಅದ ರಕ್ತ. ಕೊಡಾಕ ಬರೂದಿಲ್ಲ.”

ಆ ದೋಷ ತವರಿನಿಂದ ಅಕ್ಕನಿಗೂ ತಮ್ಮನಿಗೂ, ಅಕ್ಕನಿಂದ ಮಗಳಿಗೆ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಕ್ಕನ ಎದುರು ಎಂದೂ ದನಿ ಎತ್ತದ ಸಂಗಮೇಶ, ಆಗಲೂ ಎತ್ತಲಿಲ್ಲ.

“ಹುನಗುಂದದವರಿಗೆ ಬರೇ ಚಹಾ ಕುಡಿಸಿ ಕಳಿಸಿದ್ಯಲ್ಲ ಅಕ್ಕಾ,” ಅಂದ.

ಸುದ್ದಿ ಕೇಳಿ ಹುಸೇನಸಾಬ ಮಗ್ಗ ನಿಲ್ಲಿಸಿ ಬಂದ, ಅವನ ರಕ್ತ ಹೊಂದಿತು. ಕೂಸಿನ ತುಟಿಗೆ ಬಣ್ಣ ಬಂತು. ಆ ಬಣ್ಣ ಮೂರು ನಾಲ್ಕು ವಾರದ್ದು. ಆಮೇಲೆ ಮತ್ತೆ ಏರಿಸಬೇಕು, ಬದುಕಿರುವ ತನಕ. ಏರಿಸಿದ ರಕ್ತವೂ ಮೈಯಲ್ಲಿ ಕಬ್ಬಿಣವನ್ನೇ ಬಿಟ್ಟುಹೋಗುತ್ತದೆ, ಅದು ಗುಂಡಿಗೆಯಲ್ಲಿ ಕೂರುತ್ತದೆ, ಅದನ್ನು ತೆಗೆಯಲು ಬೇರೆ ಔಷಧ.

ಮನೆಗೆ ಬಂದ ಮೇಲೆ ಶೀಲಾಳಿಗೆ ಬಹಳ ದಿನದ ಮೇಲೆ ಹಸಿವಾಯಿತು. ಅಜ್ಜಿಯ ಸೆರಗು ಜಗ್ಗಿ ಉಂಡೆ ಕೇಳಿದಳು. ಶಿವಬಸವ್ವನ ಕೈ ರೂಢಿಯಂತೆ ಒಲೆಯ ಮೇಲಿನ ಕಡಾಯಿಗೆ ಹೋಗಿ, ಅಲ್ಲೇ ನಿಂತಿತು. ಏನು ತಿನ್ನಿಸಬೇಕು, ಏನು ತಿನ್ನಿಸಬಾರದು ಎಂದು ಕೇಳಲು ಮಗಳತ್ತ ತಿರುಗಿದಳು.

ಶಿವಗಂಗಾ ಎದ್ದು ಬಂದು ಕೂಸಿನ ಮುಷ್ಟಿಯಿಂದ ಸೆರಗು ಬಿಡಿಸಿದಳು. ಕೂಸನ್ನು ಎತ್ತಿಕೊಂಡಳು.

“ಇನ್ನ ನೀ ಏನೂ ಕೊಡಬ್ಯಾಡ ಯವ್ವಾ.”