ಕರೆಯದೆ ಹೋದ ಶಾಮಿಯಾನ

ಮೊಮ್ಮಗಳು ಫೋನಿನಲ್ಲಿ ಕನ್ನಡ ಕುಟ್ಟುವುದನ್ನು ಹೇಳಿಕೊಟ್ಟ ಮೇಲೆ ನಾನು ಮೊದಲು ಬರೆಯಬೇಕೆಂದುಕೊಂಡಿದ್ದು ನಮ್ಮ ಯಜಮಾನರ ಬಗ್ಗೆ. ಅವರು ಪಕ್ಕದಲ್ಲೇ ಇದ್ದಾರೆ, ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದಾರೆ. ಅದು ನನ್ನ ಮಡಿಲಲ್ಲಿದೆ. ಬರೆದು ಮುಗಿಯುವವರೆಗೆ ಅಲ್ಲೇ ಇರಲಿ.

ಕೊಳ್ಳೇಗಾಲದಲ್ಲಿ ನಮ್ಮದು ಶಾಮಿಯಾನದ ಅಂಗಡಿ. ಬೊಂಬು, ಬಟ್ಟೆ, ಪ್ಲಾಸ್ಟಿಕ್ ಕುರ್ಚಿ, ನೀರು ಕಾಯಿಸುವ ಹಂಡೆಗಳು. ಮದುವೆಗೆ, ಗೃಹಪ್ರವೇಶಕ್ಕೆ ಬಾಡಿಗೆ. ಸಾವಿನ ಮನೆಗೆ ಬಾಡಿಗೆ ಇಲ್ಲ, ಅವರು ಬಂದು ಕೇಳಲಿ ಅಂತ ಕಾಯುವುದೂ ಇಲ್ಲ. ಸುದ್ದಿ ಕಿವಿಗೆ ಬಿದ್ದರೆ ಸಾಕು, ಗೂಡ್ಸ್ ಆಟೋ ಹೊರಡುತ್ತದೆ. ಹನೂರಾಗಲಿ ಯಳಂದೂರಾಗಲಿ, ನೆಂಟರು ಬಸ್ಸಿಳಿಯುವ ಹೊತ್ತಿಗೆ ಆ ಮನೆಯ ಮುಂದೆ ನೆರಳು ಎದ್ದಿರುತ್ತದೆ.

ಯಜಮಾನರ ಅಪ್ಪ ತೀರಿಕೊಂಡಾಗ ಕಡು ಬೇಸಿಗೆಯಂತೆ. ಅಂಗಳದಲ್ಲಿ ಮಲಗಿಸಿದ್ದ ಹೆಣದ ಮೇಲೆ ಬಿಸಿಲು ಬೀಳದಿರಲಿ ಅಂತ ಅಕ್ಕಪಕ್ಕದವರು ಅತ್ತೆಯ ಹಳೇ ಸೀರೆಯನ್ನು ಮೂಲೆ ಮೂಲೆಗೆ ಹಿಡಿದು ನಿಂತಿದ್ದರಂತೆ. ಒಬ್ಬರ ಕೈ ಸೋತರೆ ಇನ್ನೊಬ್ಬರು ಹಿಡಿಯೋದು. ಮದುವೆಯಾದ ಹೊಸದರಲ್ಲಿ ಯಜಮಾನರು ನನ್ನ ಹತ್ತಿರ ಮನಸ್ಸು ಬಿಚ್ಚಿ ಆಡಿದ ಮೊದಲ ಮಾತು ಇದು. ಸಿನಿಮಾಕ್ಕೆ ಕರೆಯುತ್ತಾರೆಂದು ನಾನು ಹೂ ಮುಡಿದು ಕೂತಿದ್ದೆ.

ಸಾವಿನ ಸುದ್ದಿ ತಿಳಿಯಲು ಅವರಿಗೆ ಅವರದೇ ದಾರಿಗಳು. ನಮ್ಮ ಪಕ್ಕದಲ್ಲಿ ಫೋಟೋಗೆ ಕಟ್ಟು ಹಾಕುವ ಅಂಗಡಿ, ಎದುರಿಗೆ ಹೂವಿನ ಅಂಗಡಿ. ನಮ್ಮ ಕಡೆ ವಯಸ್ಸಾದವರ ಫೋಟೋವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರೆಂದರೆ ಅವರು ಹೋದರು ಅಂತಲೇ ಅರ್ಥ. ಬದುಕಿರುವವರಿಗೆ ಆ ಮರ್ಯಾದೆ ಯಾರು ಮಾಡುತ್ತಾರೆ?

ಹೋದ ವರ್ಷ ಒಂದು ಬೆಳಿಗ್ಗೆ ಹೊನ್ನೂರಿನ ದೊಡ್ಡವ್ವನ ಮಗ ಆ ಅಂಗಡಿಯಲ್ಲಿ ಅವಳ ಫೋಟೋಗೆ ಕಟ್ಟು ಹಾಕಿಸಿದ. ಆಮೇಲೆ ಎದುರಿಗೆ ಹೋಗಿ ಒಂದು ದೊಡ್ಡ ಹಾರ ಕಟ್ಟಿಸಿಕೊಂಡು ಗಾಡಿ ಹತ್ತಿದ. ಹೊನ್ನೂರು ನನ್ನ ತವರು. ದೊಡ್ಡವ್ವ ನಮ್ಮ ಪಕ್ಕದ ಮನೆಯವಳು, ನಾನು ಅವಳ ಕೈತುತ್ತು ತಿಂದು ಬೆಳೆದವಳು. ಯಜಮಾನರು ಒಳಗೆ ಬಂದು ಮೆಲ್ಲಗೆ, "ನಿಮ್ ದೊಡ್ಡವ್ವ ಓಗ್ಬುಟ್ರು ಕಣಮ್ಮಿ," ಅಂದರು. ಫೋನು ಮಾಡಿ ಕೇಳಬಹುದಿತ್ತು. ಸತ್ತ ಮನೆಗೆ ಫೋನು ಮಾಡಿ, ಸತ್ತರಾ ಅಂತ ಕೇಳುವುದು ಅವರ ಜಾಯಮಾನವಲ್ಲ.

ಆಟೋದಲ್ಲಿ ನಾನೂ ಹೋದೆ. ನಮ್ಮಲ್ಲಿ ಹೆಂಗಸರು ಬೀದಿ ತಿರುವಿನಿಂದಲೇ ಅಳುತ್ತಾ ಹೋಗಬೇಕು, ಸುಮ್ಮನೆ ಅಲ್ಲ, ಹೋದವರನ್ನು ಹೊಗಳಿಕೊಂಡು. ನಾನು ಶುರು ಮಾಡಿದೆ. ದೊಡ್ಡವ್ವನ ಬಸ್ಸಾರು, ಅವಳು ನನಗೆ ಹೆಣೆದ ಜಡೆ, ಚಿನ್ನದಂಥ ಅವಳ ಮಕ್ಕಳು, ಎಲ್ಲವನ್ನೂ ಕರೆದು ಕರೆದು ಅತ್ತೆ. ಬಾಗಿಲುಗಳು ತೆರೆದವು. ಕೊನೆಗೆ ದೊಡ್ಡವ್ವನ ಮನೆಯ ಬಾಗಿಲೂ ತೆರೆಯಿತು. ಕೈಯಲ್ಲಿ ಮೊರ ಹಿಡಿದುಕೊಂಡು ಅವಳೇ ಜಗಲಿಗೆ ಬಂದಳು.

"ಯಾರಮ್ಮಿ ಓಗ್ಬುಟ್ಟೋರು?"

ನನ್ನ ಬಾಯಿ ತೆರೆದದ್ದು ಹಾಗೇ ನಿಂತಿತು. ಜಗಲಿಯ ಪಕ್ಕದಲ್ಲಿ ಹೊಸ ಟ್ರಾಕ್ಟರು, ಅದರ ಮೂತಿಗೆ ಆ ಹಾರ. ಫೋಟೋ ಮಾಡಿಸಿದ್ದು ಹೊಸದಾಗಿ ಕಟ್ಟಿಸಿದ ಹಜಾರದ ಗೋಡೆಗಂತೆ.

ಮಗನ ಮುಖ ಕೆಂಪಾಯಿತು. ಟ್ರಾಕ್ಟರಿಗೆ ಪೂಜೆ ಮಾಡುವ ದಿನ ಬಾಗಿಲಿಗೆ ಸಾವಿನ ಶಾಮಿಯಾನ ಬಂದರೆ ಯಾರಿಗೆ ತಾನೇ ಸಿಟ್ಟು ಬಾರದು? ಏನೇನೋ ಕೂಗಾಡಿದ. ಯಜಮಾನರು ಎಲ್ಲಕ್ಕೂ ಕೈಮುಗಿದು ನಿಂತಿದ್ದರು. ಕೊನೆಗೆ ಅವನು, "ನಿಮ್ಮುನ್ನ ಕರ್ದೋರ್ ಯಾರು?" ಅಂದಾಗ ಮಾತ್ರ ಅವರ ಕೈ ಕೆಳಗಿಳಿಯಿತು.

ಅಂದಿನಿಂದ ಅವರು ಬದಲಾದರು. ಕರೆದವರ ಮನೆಗೆ ಮಾತ್ರ ಹೋಗುವುದು ಅಂತ ತೀರ್ಮಾನ ಮಾಡಿದರು. ಕರೆದರೆ ಮೊದಲಿನಂತೆಯೇ ಬಾಡಿಗೆ ಇಲ್ಲದೆ ಕೊಟ್ಟರು, ನಿಜ. ಆದರೆ ಕೇಳಿಕೊಂಡು ಬಂದವರೆಲ್ಲ ಉಳ್ಳವರೇ. ಇಲ್ಲದವರು, ಅದೂ ಹೆಣ ಮನೆಯಲ್ಲಿಟ್ಟುಕೊಂಡು, ಪುಕ್ಕಟೆ ಕೊಡಿ ಅಂತ ಪಟ್ಟಣಕ್ಕೆ ಬರುತ್ತಾರೆಯೇ? ಲೊಕ್ಕನಹಳ್ಳಿಯಲ್ಲಿ ಕೂಲಿ ಮಾಡುತ್ತಿದ್ದವನೊಬ್ಬ ತೀರಿಕೊಂಡಾಗ ಜೋರು ಮಳೆಯಂತೆ, ದನದ ಕೊಟ್ಟಿಗೆಯ ಟಾರ್ಪಾಲನ್ನು ಹೆಣದ ಮೇಲೆ ಹಿಡಿದುಕೊಂಡಿದ್ದರಂತೆ. ಆಟೋದವನು ಬಂದು ಹೇಳಿದ. ಸುದ್ದಿ ಯಜಮಾನರಿಗೆ ಬೆಳಿಗ್ಗೆಯೇ ಗೊತ್ತಿತ್ತು. ಒರೆಸಿಟ್ಟಿದ್ದ ಕುರ್ಚಿಗಳನ್ನು ಮತ್ತೆ ಒರೆಸುತ್ತಾ ಕೂತರು. ನಾನು ಎಷ್ಟು ಹೇಳಿದರೂ ಒಂದೇ ಮಾತು, ಕರೆಯಲಿಲ್ಲವಲ್ಲ.

ತಮ್ಮ ಮಾತು ನಡೆಯದಿದ್ದಾಗ ತವರಿಗೆ ಹೇಳಿ ಕಳಿಸುವುದು ಹೆಂಗಸರ ಹಳೇ ಉಪಾಯ. ನಾನು ದೊಡ್ಡವ್ವನಿಗೆ ಫೋನು ಮಾಡಿದೆ. ಅವಳು ಬಸ್ಸು ಹತ್ತಿ ಬಂದಳು. ಅಂಗಡಿಯ ಮುಂದೆ ಒಂದು ಕುರ್ಚಿ ಎಳೆದುಕೊಂಡು ಕೂತು, ಎಲೆಗೆ ಸುಣ್ಣ ಹಚ್ಚುತ್ತಾ ಮೊದಲು ನನ್ನನ್ನು ವಿಚಾರಿಸಿಕೊಂಡಳು.

"ಬಸ್ಸಾರ್ನ ಒಗಳ್ದೆ, ಸರಿ. ನನ್ ಮಕ್ಳುನ್ನೂ ಚಿನ್ನ ಅಂದ್ಯಲ್ಲ, ಅದ್ಯಾಕಮ್ಮಿ ಅಂಗ್ ಸುಳ್ ಯೋಳ್ದೆ?"

ನಾನು ನಕ್ಕೆ. ಯಜಮಾನರು ನಗಲಿಲ್ಲ. ದೊಡ್ಡವ್ವ ಎಲೆ ಬಾಯಿಗಿಟ್ಟು ಅವರ ಕಡೆ ತಿರುಗಿದಳು. ಕರೆಯದೆ ಹೋಗುವುದಿಲ್ಲವಂತೆ ನಿಜವೇ ಅಂತ ಕೇಳಿದಳು. ಅವರು ತಲೆ ತಗ್ಗಿಸಿ ಹೂಂ ಅಂದರು.

"ಅಂಗಾರೆ ನಾ ಸತ್ಮೇಲೆ ಎದ್ಬಂದು ನಿಂಗ್ ಯೋಳ್ಬೇಕಾ, ಅಳಿಯಪ್ಪ? ಬಸ್ ಚಾರ್ಜ್ ಬ್ಯಾರೆ ಕೊಟ್ಕಂಡು?"

ದೊಡ್ಡವ್ವ ಊಟ ಮಾಡಿ, ಸಾರಿಗೆ ಉಪ್ಪು ಕಮ್ಮಿ ಅಂತ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೋದಳು.

ಕೆಲವು ದಿನ ಕಳೆದ ಮೇಲೆ ಅಜ್ಜೀಪುರದಿಂದ ಬಂದ ಹೂವಿನವಳು ಅಲ್ಲೊಂದು ಸಾವಾಗಿದೆ ಅಂದಳು. ಗಂಡ ಮೊದಲೇ ಇಲ್ಲದ ಹೆಂಗಸು, ಈಗ ಮಗನೂ ಹೋದ. ಯಜಮಾನರು ಎದ್ದು ಹೋಗಿ ಬೊಂಬಿನ ಮೇಲೆ ಕೈಯಿಟ್ಟು ನಿಂತರು. ಆಮೇಲೆ ಆಟೋದವನಿಗೆ, ಬೊಂಬು ತುಂಬಲು ಗಾಡಿ ಹಿಂದಕ್ಕೆ ತೆಗೆದುಕೊಂಡು ಬಾ ಅಂತ ಕೈ ಮಾಡಿದರು.

ಒಂದು ಹೊಸ ಕಟ್ಟಳೆ ಮಾತ್ರ ಬಂತು. ಆಟೋ ಊರ ಹೊರಗೆ ನಿಲ್ಲುತ್ತದೆ. ನಾನು ಬಾಯಿ ಮುಚ್ಚಿಕೊಂಡು ಮುಂದೆ ಹೋಗಿ ಮುಖ ನೋಡಬೇಕು. ಅಳುವುದೆಲ್ಲ ಆಮೇಲೆ. ಅಜ್ಜೀಪುರದಲ್ಲಿ ಹಾಗೆ ಹೋಗಿ ನೋಡಿದೆ. ಆ ತಾಯಿ ಸುಡುಬಿಸಿಲಿನಲ್ಲಿ ತನ್ನ ಸೆರಗನ್ನು ಮಗನ ಮುಖಕ್ಕೆ ನೆರಳು ಮಾಡಿ ಹಿಡಿದುಕೊಂಡಿದ್ದಳು. ನಾನು ಹಿಂದಿರುಗಿ ಬಂದು, ಬನ್ನಿ ಅಂದೆ.

ಯಳಂದೂರಿನ ಕಡೆ ಹೊರಟಾಗಲೆಲ್ಲ ಆಟೋ ಹೊನ್ನೂರಿನ ಮೇಲೆ ಹಾಯುವಂತೆ ಯಜಮಾನರು ನೋಡಿಕೊಳ್ಳುತ್ತಾರೆ. ದೊಡ್ಡವ್ವ ಜಗಲಿಯಲ್ಲಿದ್ದರೆ ಮೊರ ಕೆಳಗಿಟ್ಟು ಕೈಯಾಡಿಸುತ್ತಾಳೆ, ಇಲ್ಲಿ ಅಲ್ಲ, ಮುಂದಕ್ಕೆ ಹೋಗು ಅಂತ.