ಹಲಗೂರೂ ಹಾಯಿಹಡಗೂ

ದುಬೈಯಲ್ಲಿ ಯಾರಾದರೂ "ಹಲಗೂರ್" ಎಂದು ಕೂಗಿದರೆ ನಾನು ಎದ್ದು ನಿಲ್ಲುತ್ತೇನೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಕೊರಿಯರಿನವನು ಬಂದಾಗ ಮನೆಬಾಗಿಲಲ್ಲಿ, ಎಲ್ಲ ಕಡೆಯೂ ನಾನು ಹಲಗೂರ್. ತಮಾಷೆಯೆಂದರೆ ಹಲಗೂರಿನಲ್ಲಿ ನಾನು ಒಂದು ರಾತ್ರಿ ಕೂಡ ಮಲಗಿದವಳಲ್ಲ. ಅದು ನಮ್ಮ ತಾತನ ಊರು. ಕನಕಪುರದ ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ, ಒಮ್ಮೆ ಇಳಿದು ಕಾಫಿ ಕುಡಿದಿದ್ದೇನೆ. ಕಾಫಿ ಅಷ್ಟಕ್ಕಷ್ಟೆ.

ನನ್ನ ಹೆಸರು ಎಚ್. ಎಸ್. ನಾಗರತ್ನ. ನಮ್ಮ ಕಡೆಯ ಲೆಕ್ಕ ನಿಮಗೆ ಗೊತ್ತೇ ಇದೆ: ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಎಚ್ ಅಂದರೆ ಹಲಗೂರು, ಎಸ್ ಅಂದರೆ ನಮ್ಮಪ್ಪ ಸುಬ್ಬರಾಯರು, ಮಿಕ್ಕಿದ್ದು ನಾನು. ಮೈಸೂರಿನಲ್ಲಿದ್ದಷ್ಟು ಕಾಲ ಊರೂ ಅಪ್ಪನೂ ಒಂದೊಂದು ಚುಕ್ಕೆ ಇಟ್ಟುಕೊಂಡು ತೆಪ್ಪಗೆ ಕೂತಿದ್ದರು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಿರಿ ಎಂದರು, ಬಿಡಿಸಿದೆ. ಇಲ್ಲಿಗೆ ಬಂದ ಮೇಲೆ ಯಾವುದೋ ಕಂಪ್ಯೂಟರಿನ ಚೌಕದಲ್ಲಿ ಜಾಗ ಸಾಲದೆ ಸುಬ್ಬರಾಯರು ಅರ್ಧ ದಾರಿಯಲ್ಲೇ ಇಳಿದುಬಿಟ್ಟರು. ಹಲಗೂರು ಮಾತ್ರ ಸರ್‌ನೇಮ್ ಆಗಿ ಗಟ್ಟಿಯಾಗಿ ಕೂತಿತು. ಅಪ್ಪ ಬದುಕಿದ್ದಾಗ ಫೋನಿನಲ್ಲಿ ಇದನ್ನು ಹೇಳಿಕೊಂಡು ಗೋಳಾಡಿದೆ. ಹೋಗಲಿ ಬಿಡು, ನಾನು ಹೇಗೂ ವಿಮಾನ ಹತ್ತುವವನಲ್ಲ ಎಂದು ನಕ್ಕರು. ನನಗೆ ಮಾತ್ರ ಒಳಗೊಳಗೇ ಬೇಜಾರು. ಹೊತ್ತು ಸಾಕಿದ ಮನುಷ್ಯನನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು ಬಂದ ಹಾಗೆ ಅನ್ನಿಸುತ್ತಿತ್ತು.

ಈ ಪುರಾಣವನ್ನೆಲ್ಲ ಹೇಳುತ್ತಿರುವುದು ಒಂದು ಹಡಗಿನ ಕಥೆಗಾಗಿ. ಸ್ವಲ್ಪ ತಾಳ್ಮೆ ಇರಲಿ.

ಬರ್ ದುಬೈಯ ನಮ್ಮ ಕಟ್ಟಡದಲ್ಲಿ, ನಮ್ಮ ಎದುರು ಬಾಗಿಲಿನಲ್ಲಿ, ಮಾರ್ಗರೆಟ್ ಪೆಂಡರ್ ಎಂಬುವರಿದ್ದರು. ಕೆನಡಾದವರು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು, ಒಂಟಿ ಜೀವ. ನಾನು ಮಾಡಿದ ಬಿಸಿಬೇಳೆಬಾತ್ ತಿಂದು ಮೂಗು ಒರೆಸಿಕೊಳ್ಳುತ್ತಲೇ ಇನ್ನಷ್ಟು ಬಡಿಸಿ ಎನ್ನುವ ಜಾತಿ. ಅವರ ಹಾಲಿನ ಗೋಡೆಯ ಮೇಲೆ ಒಂದು ಹಾಯಿಹಡಗಿನ ಚಿತ್ರ, ಅದರ ಪಕ್ಕದಲ್ಲಿ ಗಡ್ಡದ ಒಬ್ಬ ಕ್ಯಾಪ್ಟನ್. ಆತನ ಹೆಸರು ಥಾಮಸ್ ಪೆಂಡರ್. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನಿಂದ ಜನರನ್ನು ತುಂಬಿಕೊಂಡು ಅಟ್ಲಾಂಟಿಕ್ ದಾಟಿಸಿದವನು. ಮಾರ್ಗರೆಟ್ ಅವರ ಮನೆತನದ ಮೂಲಪುರುಷನ ಹೆಸರೂ ಥಾಮಸ್ ಪೆಂಡರ್. ಆತ ಈ ಕ್ಯಾಪ್ಟನ್ನನ ಮಗ, ತಾವೆಲ್ಲ ಕ್ಯಾಪ್ಟನ್ನನ ರಕ್ತ ಎಂದು ಅವರ ಮನೆಯಲ್ಲಿ ತಲೆತಲಾಂತರದಿಂದ ನಂಬಿಕೆ. ಊರಿನಲ್ಲಿರುವ ಅವರ ಅಣ್ಣ ಎಡ್ವರ್ಡ್‌ಗಂತೂ ವಯಸ್ಸಾದಷ್ಟೂ ಈ ಕ್ಯಾಪ್ಟನ್‌ಗಿರಿ ಹೆಚ್ಚಾಗಿತ್ತಂತೆ. ಹಿತ್ತಲಿನ ಕೊಳದಲ್ಲಿ ದೋಣಿ ಬಿಡುವಾಗಲೂ ಟೋಪಿ ಹಾಕಿಕೊಳ್ಳುತ್ತಿದ್ದರಂತೆ.

ಬೇಸಿಗೆ ರಜೆಗೆ ಮುಂಚೆ ಮಾರ್ಗರೆಟ್ ನಿವೃತ್ತರಾಗಿ ಊರಿಗೆ ಹೊರಡುವವರಿದ್ದರು. ಅಲ್ಲಿ ಇಡೀ ಸಂಸಾರ ಒಂದೆಡೆ ಸೇರುವುದೆಂದೂ, ಹಡಗಿನ ಕಥೆಯನ್ನು ಇವರೇ ಎದ್ದು ನಿಂತು ಹೇಳಬೇಕೆಂದೂ ಅಣ್ಣ ಅಪ್ಪಣೆ ಮಾಡಿದ್ದರು. ಮೇಷ್ಟ್ರ ಬುದ್ಧಿ ನೋಡಿ, ಸುಮ್ಮನೆ ಕಥೆ ಹೇಳಿದರೆ ಸಾಲದು, ಪ್ರಮಾಣ ಬೇಕು. ಸಂಜೆಯಾದರೆ ಕಂಪ್ಯೂಟರಿನ ಮುಂದೆ ಕೂತು ಕ್ಯಾಪ್ಟನ್ನನ ಹಡಗಿನ ಪ್ರಯಾಣಿಕರನ್ನು ಹುಡುಕುತ್ತಿದ್ದರು. ನಾನೂ ಚಹಾ ಹಿಡಿದುಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ.

ಇದೊಂದು ಚಟ. ಕ್ಲಿನಿಕ್ಕಿನಲ್ಲಿ ಹಗಲೆಲ್ಲ ಜನರ ವಿಮೆಯ ಕಾಗದ ನೋಡಿ ಬೇಸತ್ತ ನನಗೆ ಸತ್ತವರ ಸಂಸಾರ ಇಷ್ಟು ರುಚಿಸುತ್ತದೆಂದು ಗೊತ್ತಿರಲಿಲ್ಲ. ಪೀಪಾಯಿ ಮಾಡುವವನೊಬ್ಬ ಮಕ್ಕಳ ದಂಡು ಕಟ್ಟಿಕೊಂಡು ಹತ್ತಿದ್ದ. ಅಕ್ಕ ತಂಗಿ ಇಬ್ಬರು ಜೊತೆಯಲ್ಲಿ ಹೊರಟು, ಇಳಿದ ಮೇಲೆ ಬೇರೆ ಬೇರೆ ಊರಿಗೆ ಹೋಗಿದ್ದರು. ಏನು ಜಗಳವೋ ಎಂದು ನಾವಿಬ್ಬರೂ ಒಂದು ವಾರ ತಲೆ ಕೆಡಿಸಿಕೊಂಡೆವು. ಡೇನಿಯಲ್ ಕೀಲಿ ಎಂಬ ಕೂಲಿಯವನೂ ಅವನ ಹೆಂಡತಿ ಹ್ಯಾನಾಳೂ ಇದ್ದರು. ಅವರ ಬಗ್ಗೆ ಏನೂ ಸಿಕ್ಕಿರಲಿಲ್ಲ. ಕೀಲಿ ಅಂದರೆ ನಮ್ಮಲ್ಲಿ ಬೀಗಕ್ಕೆ ಹಾಕುವುದು ಎಂದು ನಾನು ನಕ್ಕಿದ್ದರಿಂದ ಆ ಹೆಸರು ನೆನಪಿನಲ್ಲಿ ಉಳಿಯಿತು, ಅಷ್ಟೆ. ರಾಸ್ ಅಲ್ ಖೋರ್‌ನ ವರ್ಕ್‌ಶಾಪಿನಿಂದ ದಣಿದು ಬರುತ್ತಿದ್ದ ನಮ್ಮ ಮನೆಯವರು ಷೂ ಬಿಚ್ಚುತ್ತಲೇ, "ಏನೇ, ಹಡಗು ದಡ ಸೇರ್ತಾ? ಸೇರಿದ್ರೆ ಊಟಕ್ಕೆ ಹಾಕು" ಅನ್ನುತ್ತಿದ್ದರು.

ಹಡಗು ದಡ ಸೇರುವ ಬದಲು ಬಂಡೆಗೆ ಬಡಿಯಿತು. ಒಂದು ಸಂಜೆ ಹೋದರೆ ಮಾರ್ಗರೆಟ್ ದೀಪ ಕೂಡ ಹಾಕದೆ ಕೂತಿದ್ದರು. ಕ್ಯಾಪ್ಟನ್ನನ ಊರಿನ ದಾಖಲೆ ಸಿಕ್ಕಿತ್ತು. ಹೆಂಡತಿ ಇದ್ದಳು, ಹೆಣ್ಣುಮಕ್ಕಳಿದ್ದರು, ಗಂಡುಮಗ ಎಂಬುವನು ಹುಟ್ಟಿಯೇ ಇರಲಿಲ್ಲ. ಹಾಗಾದರೆ ಈ ಥಾಮಸ್ ಪೆಂಡರ್ ಯಾರು? ಮನೆಯಾಚೆ ಹುಟ್ಟಿದವನೇ? ಯಾವಳೋ ಬಡ ಹೆಂಗಸಿಗೆ ಮೋಸ ಮಾಡಿದನೇ ಈ ಗಡ್ಡದವನು? ಅಣ್ಣನಿಗೆ ಏನೆಂದು ಹೇಳಲಿ ಎಂದು ಅವರು ಕೇಳಿದರು. ಗೋಡೆಯ ಚಿತ್ರವನ್ನು ಅವರಾಗಲೇ ತೆಗೆದು ಸೋಫಾದ ಹಿಂದೆ ಇಟ್ಟಿದ್ದರು. ಖಲಾಸ್, ಇನ್ನು ಹುಡುಕುವುದಿಲ್ಲ ಎಂದರು. ಇಷ್ಟು ವರ್ಷ ಇಲ್ಲಿದ್ದು ಕಲಿತ ನಾಲ್ಕು ಅರಬ್ಬಿ ಶಬ್ದಗಳಲ್ಲಿ ಅದೂ ಒಂದು. ಬೇರೆ ದಿನ ಅವರ ಬಾಯಲ್ಲಿ ಅದನ್ನು ಕೇಳಿದರೆ ನಗು ಬರುತ್ತಿತ್ತು, ಅಂದು ಸಂಕಟವಾಯಿತು.

ಅದಾದ ಕೆಲವು ದಿನಕ್ಕೆ ಅವರ ವೀಸಾ ರದ್ದು ಮಾಡಿಸಬೇಕಿತ್ತು. ನನ್ನದೂ ನವೀಕರಣವಿತ್ತು. ಅರ್ಜಿ ಟೈಪ್ ಮಾಡಿಕೊಡುವ ಅಂಗಡಿಗೆ ಇಬ್ಬರೂ ಒಟ್ಟಿಗೆ ಹೋದೆವು. ಒಳಗಿನಿಂದ ಕರೆ ಬಂತು, "ಹಲಗೂರ್". ಎದ್ದೆ. ಕೆಲಸ ಮುಗಿಸಿ ಬಂದಾಗ ಮಾರ್ಗರೆಟ್, ನಿಮ್ಮ ಮನೆತನದ ಹೆಸರು ಕೇಳಲು ಚೆನ್ನಾಗಿದೆ ಎಂದರು. ಎದುರುಬದುರು ಬಾಗಿಲಿನಲ್ಲಿ ಇಷ್ಟು ವರ್ಷ ಇದ್ದೂ ಈ ಮಾತು ಬಂದಿರಲಿಲ್ಲ ನೋಡಿ. ಆಚೆ ದಡದಲ್ಲಿ ಮಸಾಲೆ ಸಾಮಾನು ಕೊಳ್ಳುವುದಿತ್ತು. ಊರ ನಡುವಿನ ಉಪ್ಪುನೀರಿನ ಕ್ರೀಕ್ ದಾಟಿಸುವ ಅಬ್ರಾ ದೋಣಿಯಲ್ಲಿ ಕೂತು ಅವರಿಗೆ ನನ್ನ ಇನಿಷಿಯಲ್ ಪುರಾಣ ಬಿಚ್ಚಿದೆ. ಅದು ಮನೆತನವಲ್ಲ, ಊರು. ನಡುವೆ ಅಪ್ಪ ಇದ್ದ, ಬಿದ್ದುಹೋದ. ನಾಳೆ ನನ್ನ ಮರಿಮಕ್ಕಳು ಹುಡುಕಲು ಕೂತರೆ ಹಲಗೂರು ಎಂಬ ದೊಡ್ಡ ವಂಶ ಇತ್ತೆಂದು ತಿಳಿದಾರು, ಪಾಪ ಸುಬ್ಬರಾಯರ ಸುಳಿವೇ ಸಿಗಲಿಕ್ಕಿಲ್ಲ ಎಂದೆ.

ಮಾರ್ಗರೆಟ್ ನಗಲಿಲ್ಲ. ದೋಣಿಯ ಇಂಜಿನ್ ಪಟಪಟ ಅನ್ನುತ್ತಿತ್ತು. ನಾನು ಸುಮ್ಮನಿರುವ ಗಿರಾಕಿಯಲ್ಲವಲ್ಲ, ಹೆಸರಿನ ಮಾತು ಮುಂದುವರಿಸಿದೆ. ನಮ್ಮ ಸೋದರತ್ತೆಗೆ ಹೆರಿಗೆ ಕಷ್ಟವಾಗಿ, ತಾಯಿ ಮಗು ಇಬ್ಬರನ್ನೂ ಉಳಿಸಿದ ಡಾಕ್ಟರ ಹೆಸರು ಫ್ರಾನ್ಸಿಸ್. ಮಡಿ ಮೈಲಿಗೆ ಎಂದು ಹಾರಾಡುವ ಆ ಮನೆಯಲ್ಲಿ ಇವತ್ತಿಗೂ ಒಬ್ಬ ಫ್ರಾನ್ಸಿಸ್ ಜನಿವಾರ ಹಾಕಿಕೊಂಡು ಓಡಾಡುತ್ತಾನೆ. ಹೀಗೆ ಹೇಳುತ್ತಾ ಹೇಳುತ್ತಾ ನನ್ನ ತಲೆಯೊಳಗೇ ಏನೋ ಠಕ್ಕೆಂದಿತು.

"ಮಾರ್ಗರೆಟ್, ನಿಮ್ಮ ಥಾಮಸ್ ಪೆಂಡರ್ ಹಡಗಿನಲ್ಲೇ ಹುಟ್ಟಿದ್ದರೆ? ಕ್ಯಾಪ್ಟನ್ ಹೆಸರನ್ನ ಬರೀ ಹೆಸರಾಗಿ ಇಟ್ಟಿದ್ದರೆ?"

ಅವರು ನನ್ನ ಕೈ ಹಿಡಿದುಕೊಂಡರು. "ಹಾಗಾದ್ರೆ ಅವನ ಅಪ್ಪನ ಹೆಸರು ಎಲ್ಲಿ ಹೋಯ್ತು?"

"ನಮ್ಮಪ್ಪಂದು ಹೋದಲ್ಲಿಗೇ" ಎಂದೆ.

ಮಸಾಲೆ ಕೊಳ್ಳಲಿಲ್ಲ. ಅದೇ ದೋಣಿಯಲ್ಲಿ ವಾಪಸ್ ಬಂದೆವು. ಅಷ್ಟು ದಿನವೂ ಅವರು ಹುಡುಕಿದ್ದು ಪೆಂಡರ್‌ಗಳನ್ನು. ಈಗ ಹಡಗು ನಿಂತ ಬಂದರಿನ ಚರ್ಚಿಗೆ ಬರೆದು, ಆ ಹಡಗಿನಿಂದಿಳಿದ ಯಾವುದಾದರೂ ಮಗುವಿಗೆ ದೀಕ್ಷಾಸ್ನಾನವಾಗಿತ್ತೇ ಎಂದು ಕೇಳಿದರು. ಉತ್ತರ ಬರುವವರೆಗೆ ಇಬ್ಬರಿಗೂ ಸಮಾಧಾನವಿಲ್ಲ. ಮನೆಯವರು ಕೂಡ ಊಟದ ಮಾತು ಬಿಟ್ಟು, ಏನಾಯ್ತು ಆ ಮಗು ಕಥೆ ಎಂದು ಕೇಳತೊಡಗಿದ್ದರು.

ಉತ್ತರ ಬಂತು. ಥಾಮಸ್ ಪೆಂಡರ್ ಕೀಲಿ, ಸಮುದ್ರದ ಮೇಲೆ ಹುಟ್ಟಿದವನು, ಕೂಲಿ ಡೇನಿಯಲ್ ಕೀಲಿ ಮತ್ತು ಹ್ಯಾನಾ ಇವರ ಮಗ. ನಾನು ನಕ್ಕು ಪಕ್ಕಕ್ಕೆ ಸರಿಸಿದ್ದ ಅದೇ ಕೀಲಿ. ಇಳಿದ ಒಂದೆರಡು ವರ್ಷಕ್ಕೇ ಗಂಡ ಹೆಂಡಿರಿಬ್ಬರೂ ಜ್ವರದಲ್ಲಿ ತೀರಿಕೊಂಡಿದ್ದರು. ಮಗುವನ್ನು ಸಾಕಿದ ರೈತರ ಮನೆಯವರು ಮೊದಲೆರಡು ಹೆಸರು ಹಿಡಿದು ಕರೆದರು, ಮೂರನೆಯದು ಉದುರಿತು.

ಮಾರ್ಗರೆಟ್ ಆ ಸಂಜೆ ಅಣ್ಣನಿಗೆ ಫೋನ್ ಮಾಡುವಾಗ ಸ್ಪೀಕರ್ ಹಾಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಮೋಸದ ಅನುಮಾನ ಕಳೆದಿದ್ದೇನೋ ಸರಿಯೇ, ಆದರೆ ಟೋಪಿ ಹಾಕಿಕೊಂಡು ದೋಣಿ ಬಿಡುವ ಮುದುಕನಿಂದ ಕ್ಯಾಪ್ಟನ್ನನನ್ನು ಕಿತ್ತುಕೊಂಡು ಕೈಗೆ ಒಬ್ಬ ಕೂಲಿಯವನನ್ನು ಕೊಡುವುದು ಹೇಗೆ? ಹೇಳಿ ಮುಗಿಸಿದರು. ನಾನು ಸೆರಗಿನ ತುದಿ ತಿರುವುತ್ತಾ ಕೂತೆ. ಆ ಕಡೆಯಿಂದ ಎಡ್ವರ್ಡ್ ಧ್ವನಿ ಬಂತು.

"ಅಷ್ಟು ಜನರ ಮಧ್ಯೆ ಒಬ್ಬಳು ತಾಯಿ ತನ್ನ ಮಗೂಗೆ ಅವನ ಹೆಸರಿಟ್ಟಳು ಅಂದ್ರೆ, ಅವನು ಅವಳಿಗೆ ಏನೋ ಒಳ್ಳೇದು ಮಾಡಿರಬೇಕು, ಮಾರ್ಗರೆಟ್. ಚಿತ್ರ ಗೋಡೆ ಮೇಲೇ ಇರಲಿ."

ನನಗೆ ಕಣ್ಣಲ್ಲಿ ನೀರು ಬಂತು. ನಾಚಿಕೆಯೇನಿಲ್ಲ, ಹೇಳಿಬಿಡುತ್ತೇನೆ. ಮಾರ್ಗರೆಟ್ ಎದ್ದು ಸೋಫಾದ ಹಿಂದಿನಿಂದ ಗಡ್ಡದವನನ್ನು ತೆಗೆದು ಧೂಳು ಒರೆಸಿದರು.

ಆಮೇಲೆ ಕೀಲಿಯ ಊರು ಹುಡುಕಿದೆವು. ಬ್ಯಾಲಿಕಾರಾ. ಐರ್ಲೆಂಡಿನಲ್ಲಿ ಬ್ಯಾಲಿ ಎಂದು ಶುರುವಾಗುವ ಊರುಗಳು ಕಂಡಲ್ಲಿ ಇವೆ, ಅದಕ್ಕೆ ಊರು ಎಂದೇ ಅರ್ಥ ಎಂದು ಮಾರ್ಗರೆಟ್ ವಿವರಿಸಿದರು. ನಮ್ಮವರು ಹೆಸರಿನ ಕೊನೆಗೆ ಹಳ್ಳಿ ಅಂಟಿಸುತ್ತಾರೆ, ನಿಮ್ಮವರು ಮೊದಲಿಗೆ ಅಂಟಿಸುತ್ತಾರೆ, ಹಳ್ಳಿ ಬ್ಯಾಲಿ ಎರಡೂ ಒಂದೇ ಎಂದು ನಾನು ಘೋಷಿಸಿದೆ. ಭಾಷಾಶಾಸ್ತ್ರದವರು ಕೇಳಿಸಿಕೊಂಡಿದ್ದರೆ ನನ್ನನ್ನು ಕ್ರೀಕಿಗೆ ತಳ್ಳುತ್ತಿದ್ದರು. ಮಾರ್ಗರೆಟ್ ಮಾತ್ರ ಪೆನ್ನು ಹಿಡಿದುಕೊಂಡು, ನಿಮ್ಮ ಲೆಕ್ಕ ಇನ್ನೊಂದು ಸಲ ಹೇಳಿ, ಮೊದಲು ಊರು, ಆಮೇಲೆ ಯಾರು ಎಂದು ಕೇಳಿದರು. ಏಕೆಂದು ಆಗ ಹೊಳೆಯಲಿಲ್ಲ.

ಅವರು ಹೋದರು. ಎದುರು ಬಾಗಿಲಿಗೆ ಈಗ ಬೇರೆಯವರು ಬಂದಿದ್ದಾರೆ, ಬಿಸಿಬೇಳೆಬಾತ್ ಉಳಿಯುತ್ತದೆ. ಮೊನ್ನೆ ಸಂಸಾರವೆಲ್ಲ ಸೇರಿದ ದಿನದ ಒಂದು ಫೋಟೋ ಕಳಿಸಿದ್ದರು. ಕೊಳದ ದಡದಲ್ಲಿ ಮುದುಕರು, ಮಕ್ಕಳು, ಒಂದು ನಾಯಿ. ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ. ಹಿಗ್ಗಿಸಿ ನೋಡಿದೆ. ನಮ್ಮ ಮಾರ್ಗರೆಟ್ ಅವರ ಚೀಟಿಯಲ್ಲಿ "ಬಿ. ಕೆ. ಮಾರ್ಗರೆಟ್" ಎಂದಿತ್ತು. ಬಿ ಅಂದರೆ ಬ್ಯಾಲಿಕಾರಾ, ಕೆ ಅಂದರೆ ಕೀಲಿ. ಪಕ್ಕದಲ್ಲಿ ಕ್ಯಾಪ್ಟನ್ ಟೋಪಿ ಹಾಕಿಕೊಂಡ ಬಿ. ಕೆ. ಎಡ್ವರ್ಡ್. ತೊಡೆಯ ಮೇಲಿನ ಕೂಸಿಗೂ ಬಿ. ಕೆ. ಮನೆಯವರಿಗೆ ತೋರಿಸಿದೆ. "ಬಿ. ಕೆ. ಮಾರ್ಗರೆಟ್ ಅಂದ್ರೆ ಥೇಟು ನಮ್ಮ ಹೈಸ್ಕೂಲಿನ ಗಣಿತದ ಮೇಡಂ ಇದ್ದ ಹಾಗಿದೆ ಕಣೇ" ಎಂದರು.

ಅಲ್ಲಿ ಯಾವತ್ತಾದರೂ ಯಾವುದಾದರೂ ಆಫೀಸಿನಲ್ಲಿ ಯಾರಾದರೂ "ಬ್ಯಾಲಿಕಾರಾ" ಎಂದು ಕೂಗಿದರೆ, ಆ ಊರನ್ನು ಕಣ್ಣಿನಿಂದಲೂ ನೋಡದ ಒಂದು ಇಡೀ ಸಂಸಾರ ಈಗ ಎದ್ದು ನಿಲ್ಲುತ್ತದೆ.